ಅಪ್‌ಡೇಟ್: ಕನ್ನಡ ಅರ್ಜಿ ನಮೂನೆಯ ಬೇಡಿಕೆ ಪತ್ರಿಕೆಗೆ ತಲುಪಿದ ಬಗೆ

ಕೇರಳದ ಮಂಜೇಶ್ವರದ ಕಡೆಯ ನಮ್ಮ ಊರಿನ ಕಚೇರಿಯೊಂದರಲ್ಲಿ ಅರ್ಜಿ ನಮೂನೆಗಳು ಮಲಯಾಳಂನಲ್ಲಿ ಮಾತ್ರ ಸಿಗುತ್ತಿರುವುದನ್ನು ಸಾಮಾಜಿಕ ಜಾಲತಾಣಗಳ ಮೂಲಕ ಶಾಸಕರ ಹಾಗೂ ಪತ್ರಕರ್ತರ ಗಮನಕ್ಕೆ ತರುವುದು ಹೇಗೆಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಸಲಹೆಯಿತ್ತ ಎಲ್ಲರಿಗೂ ಕೃತಜ್ಞತೆಗಳು.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿದ ದೀರ್ಘ ಬರಹ ನಮ್ಮನಮ್ಮಲ್ಲೇ ಸುತ್ತಿತು; ಹಲವು ಬಾರಿ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದೆಂಬ ಮಿತಿಯೂ 2020ರಿಂದ ಇದೆ. ಆಮೇಲೆ ನಿಮ್ಮಲ್ಲೊಬ್ಬರು ಸೂಚಿಸಿದಂತೆ, ನೆರೆಮನೆಯ ಅಜ್ಜಿ ನಮೂನೆಯನ್ನು ಕಣ್ಣಿನ ಹತ್ತಿರ ಹಿಡಿದು, "ಇದರಲ್ಲಿ ನನ್ನ ಹೆಸರು ಬರೆಯುವ ಜಾಗ ಯಾವುದು ಮಗಾ?" ಎಂದು ಕೇಳುವ 40 ಸೆಕೆಂಡುಗಳ ವೀಡಿಯೊವನ್ನು, ಅವರ ಒಪ್ಪಿಗೆ ಪಡೆದು, ಮಲಯಾಳಂ ಅಡಿಬರಹದೊಂದಿಗೆ ಫೇಸ್‌ಬುಕ್‌ನಲ್ಲಿ ಹಾಕಿದೆವು. ತಿರುವನಂತಪುರದಲ್ಲಿರುವವರಿಗೆ ಅರ್ಥವಾಗಬೇಕಾದದ್ದು ಅವರ ಭಾಷೆಯಲ್ಲಿರಲಿ ಎಂಬ ಸಲಹೆ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡಿತು.

ವೀಡಿಯೊ ನೋಡಿದ ವರದಿಗಾರರು ದಾಖಲೆ ಕೇಳಿದರು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಲು ಅವಕಾಶವೀಯುವ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪುಟ, ನಮೂನೆಯ ಫೋಟೊ, ಕಚೇರಿಗೆ ನಾವು ಕೊಟ್ಟಿದ್ದ ಮನವಿಯ ಸ್ವೀಕೃತಿ ರಶೀದಿ ಇಷ್ಟನ್ನೂ ಕಳುಹಿಸಿದ ಮೇಲೆ ಸುದ್ದಿ ಬಂತು. ಸಿಬ್ಬಂದಿಯನ್ನು ಹೆಸರಿಸಿ ನಿಂದಿಸಿದ ಕಮೆಂಟುಗಳನ್ನು ಅಳಿಸಿದೆವು. ಕಳೆದ ವಾರ ಎರಡು ನಮೂನೆಗಳು ಕನ್ನಡದಲ್ಲಿ ಬಂದಿವೆ. ಉಳಿದವುಗಳಿಗಾಗಿ ಅದೇ ರಶೀದಿಯ ಸಂಖ್ಯೆ ನಮೂದಿಸಿ ಇನ್ನೊಂದು ಮನವಿ ಬರೆಯುತ್ತಿದ್ದೇನೆ.