ಚಿಕ್ಕಪ್ಪನ ಫಾರ್ವರ್ಡ್‌ಗೆ ಸ್ವಲ್ಪ ಉದ್ದದ ಉತ್ತರ

ಚಿಕ್ಕಪ್ಪ, ನಮಸ್ಕಾರ. ಬೆಳಿಗ್ಗೆ ನೀವು ಕಳಿಸಿದ ಫಾರ್ವರ್ಡ್ ನೋಡಿದೆ. ವಿಜ್ಞಾನ ಹತ್ತು ವರ್ಷಕ್ಕೊಮ್ಮೆ ಮಾತು ಬದಲಿಸುತ್ತದೆ, ಧರ್ಮ ಬದಲಿಸುವುದೇ ಇಲ್ಲ ಅಂತ. ಉತ್ತರ ಉದ್ದವಾಗಿದೆ, ಕಾಫಿ ಕುಡಿಯುತ್ತಾ ಓದಿ.

ಮೊದಲನೇ ಮಾತು ಒಪ್ಪಿದೆ. ಹೊಟ್ಟೆ ಹುಣ್ಣನ್ನೇ ತಗೊಳ್ಳಿ. ಟೆನ್ಷನ್‌ಗೆ, ಖಾರಕ್ಕೆ, ಆಸಿಡ್‌ಗೆ ಅಲ್ಸರ್ ಆಗುತ್ತದೆ ಅಂತ ಡಾಕ್ಟರುಗಳೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅಂತ ಇಬ್ಬರು ಡಾಕ್ಟರುಗಳು, ಹಾಗಲ್ಲ, ಹೆಚ್ಚಿನವು ಒಂದು ಬ್ಯಾಕ್ಟೀರಿಯಾದಿಂದ ಆಗುವುದು ಅಂದರು. ಅಷ್ಟೊಂದು ಆಸಿಡ್‌ನಲ್ಲಿ ಯಾವ ಕ್ರಿಮಿ ಬದುಕುತ್ತದೆ ಅಂತ ಹೆಚ್ಚಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು! ಕೆಲವೇ ದಿನದಲ್ಲಿ ವಾಂತಿ ಶುರು. ಎಂಡೋಸ್ಕೋಪಿ ಮಾಡಿದರೆ ಜಠರದ ಒಳಪದರ ಊದಿತ್ತು, ಬ್ಯಾಕ್ಟೀರಿಯಾ ಅಲ್ಲೇ ಇತ್ತು. ಆದರೂ ಎಲ್ಲರೂ ಒಪ್ಪಲು ಸುಮಾರು ಹತ್ತು ವರ್ಷ ಹಿಡಿಯಿತು. ವಿಜ್ಞಾನಿಗಳಿಗೂ ಹಟ ಏನೂ ಕಡಿಮೆ ಇಲ್ಲ. ಆದರೆ 2005ರಲ್ಲಿ ನೊಬೆಲ್ ಸಿಕ್ಕಿದ್ದು ಯಾರಿಗೆ? ನಿಮ್ಮ ಪುಸ್ತಕದಲ್ಲಿರುವುದು ತಪ್ಪು ಅಂದ ಇದೇ ಇಬ್ಬರಿಗೆ.

ಗೆಲಿಲಿಯೋ ಕಥೆ ಗೊತ್ತೇ ಇದೆ ಅಲ್ವಾ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಅಂದಿದ್ದಕ್ಕೆ 1633ರಲ್ಲಿ ಚರ್ಚ್ ಶಿಕ್ಷೆ ಕೊಟ್ಟಿತು, ಸಾಯುವವರೆಗೂ ಗೃಹಬಂಧನ. ಅಂದಿನ ಧರ್ಮಪಂಡಿತರು ಎಡವಿದ್ದರು ಅಂತ ಪೋಪ್ ಹೇಳಿದ್ದು 1992ರಲ್ಲಿ.

ಇನ್ನು ನಿಮ್ಮ ಎರಡನೇ ಮಾತು. ಧರ್ಮವೂ ಬದಲಾಗುತ್ತದೆ ಚಿಕ್ಕಪ್ಪ, ಬಾಯಿಬಿಟ್ಟು ಹೇಳುವುದು ಅಪರೂಪ ಅಷ್ಟೇ. "ಮೊದಲಿಂದಲೂ ಇದೇ ಅರ್ಥ ಇತ್ತು, ನಿಮಗೆ ತಿಳಿಯಲಿಲ್ಲ" ಅಂದುಬಿಡುತ್ತಾರೆ. ನನಗೆ ರೇಗುವುದು ಅಲ್ಲೇ.

ಹಾಗಂತ ನಮ್ಮ ಹಿರಿಯರೆಲ್ಲ ಹಾಗೆ ಇರಲಿಲ್ಲ. ಕೇರಳದಲ್ಲಿ ವಟಶ್ಶೇರಿ ಪರಮೇಶ್ವರ ಅಂತ ಒಬ್ಬ ನಂಬೂದಿರಿ ಬ್ರಾಹ್ಮಣ ಖಗೋಳಜ್ಞರು ಇದ್ದರು. ವರ್ಷಗಟ್ಟಲೆ ಗ್ರಹಣಗಳನ್ನು ಕಣ್ಣಾರೆ ನೋಡಿ ಬರೆದಿಟ್ಟರು. ಹಳೆ ಲೆಕ್ಕಕ್ಕೂ ಆಕಾಶಕ್ಕೂ ತಾಳೆ ಬೀಳಲಿಲ್ಲ. ಆಕಾಶವನ್ನು ಬೈಯಲಿಲ್ಲ, ಲೆಕ್ಕವನ್ನೇ ತಿದ್ದಿ 1431ರಲ್ಲಿ 'ದೃಗ್ಗಣಿತ' ಬರೆದರು. ಅವರೇನು ನಾಸ್ತಿಕರಲ್ಲ!

ಒಂದು ಪಂಚಾಂಗದಲ್ಲಿ ಏಕಾದಶಿ ಇವತ್ತು, ಇನ್ನೊಂದರಲ್ಲಿ ನಾಳೆ ಅಂತ ಮನೆಯಲ್ಲಿ ಗೊಂದಲ ಆಗುತ್ತದಲ್ಲ, ಅದಕ್ಕೂ ಎಷ್ಟೋ ಸಲ ಇದೇ ಕಾರಣ. ಒಬ್ಬರು ಸೂರ್ಯಸಿದ್ಧಾಂತ ಅನ್ನೋ ಹಳೆಯ ಗ್ರಂಥದ ಲೆಕ್ಕ ಬಿಟ್ಟಿಲ್ಲ, ಇನ್ನೊಬ್ಬರು ದೃಕ್ ಲೆಕ್ಕಕ್ಕೆ, ಅಂದರೆ ಆಕಾಶದಲ್ಲಿ ಕಂಡದ್ದಕ್ಕೆ ತಾಳೆಯಾಗುವಂತೆ ತಿದ್ದಿದ ಲೆಕ್ಕಕ್ಕೆ ಬಂದಿದ್ದಾರೆ. ನಿಮ್ಮ ಮನೆಯಲ್ಲಿರುವುದು ಯಾವುದು, ಮೊದಲ ಪುಟ ನೋಡಿ ಹೇಳಿ.

ಹಾಂ, ಚಿಕ್ಕಮ್ಮ ಹೊಟ್ಟೆ ಉರಿಗೆ ಇನ್ನೂ ಬರೀ ತಣ್ಣನೆ ಹಾಲು ಕುಡಿಯುತ್ತಿದ್ದರೆ, ಸುಮ್ನೆ ಒಮ್ಮೆ ಡಾಕ್ಟರಿಗೆ ತೋರಿಸಿ. ಆ ಬ್ಯಾಕ್ಟೀರಿಯಾಗೆ ಟೆಸ್ಟ್ ಇದೆ, ಮಾತ್ರೆಯೂ ಇದೆ.