ಬರಿದಾಗಿ ಕಾಣುವ ಡೈರೆಕ್ಟರಿಯನ್ನು ಆರ್‌ಎಂಡಿರ್ ಏಕೆ ಅಳಿಸುತ್ತಿಲ್ಲ?

ಪ್ರಶ್ನೆ

ಲಿನಕ್ಸ್‌ನಲ್ಲಿ ಸಿ ಭಾಷೆಯ ಪುಟ್ಟ ಪ್ರೋಗ್ರಾಮೊಂದನ್ನು ಬರೆದಿದ್ದೇನೆ. ಅದು ಒಂದು ತಾತ್ಕಾಲಿಕ ಡೈರೆಕ್ಟರಿಯನ್ನು ಸೃಷ್ಟಿಸಿ, ಅದರೊಳಗೆ ಮೂರು ಫೈಲುಗಳನ್ನು ಬರೆದು, ಕೆಲಸ ಮುಗಿದ ಮೇಲೆ ಅವನ್ನು ಅನ್‌ಲಿಂಕ್‌ನಿಂದ ಅಳಿಸಿ, ಕೊನೆಗೆ ಬರಿದಾದ ಡೈರೆಕ್ಟರಿಯನ್ನು ಅಳಿಸುವ ಆರ್‌ಎಂಡಿರ್ ಅನ್ನು ಕರೆಯುತ್ತದೆ. ಬೆಳಗಿನಿಂದ ಆ ಕರೆ -1 ಅನ್ನೇ ಹಿಂದಿರುಗಿಸುತ್ತಿದ್ದು, ‘ಡೈರೆಕ್ಟರಿ ನಾಟ್ ಎಂಪ್ಟಿ’ ಎಂಬ ಸಂದೇಶ ಬರುತ್ತಿದೆ. ಒಳಗಿನ ಹೆಸರುಗಳನ್ನು ಪಟ್ಟಿ ಮಾಡುವ ಎಲ್‌ಎಸ್ ಕೊಟ್ಟರೆ ಒಂದು ಫೈಲೂ ಕಾಣುವುದಿಲ್ಲ. ಡೈರೆಕ್ಟರಿಯ ಅನುಮತಿ 755 (ಅಂದರೆ ಮಾಲೀಕನಿಗೆ ಎಲ್ಲ ಹಕ್ಕೂ ಉಂಟು), ಮಾಲೀಕನೂ ನಾನೇ. ಸಿಸ್ಟಮ್ ಫಂಕ್ಷನ್ ಮೂಲಕ, ಒಳಗಿರುವುದನ್ನೆಲ್ಲ ಸೇರಿಸಿ ಅಳಿಸುವ ‘ಆರ್‌ಎಂ -ಆರ್‌ಎಫ್’ ಕೊಟ್ಟುಬಿಡಬಹುದೇ?

ಉತ್ತರ 1

ಎಲ್‌ಎಸ್ ಜೊತೆಗೆ ‘-ಎ’ ಸೇರಿಸಿ ನೋಡಿ. ಚುಕ್ಕಿಯಿಂದ ಆರಂಭವಾಗುವ ಹೆಸರುಗಳನ್ನು ಎಲ್‌ಎಸ್ ತೋರಿಸುವುದಿಲ್ಲ, ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅವೂ ಫೈಲುಗಳೇ. ಒಂಟಿ ಚುಕ್ಕಿ (ಅದೇ ಡೈರೆಕ್ಟರಿ) ಮತ್ತು ಜೋಡಿ ಚುಕ್ಕಿ (ಮೇಲಿನ ಡೈರೆಕ್ಟರಿ) ಎಂಬ ಹೆಸರುಗಳನ್ನು ಬಿಟ್ಟು ಬೇರೇನಾದರೂ ಒಳಗಿದ್ದರೆ ಆರ್‌ಎಂಡಿರ್ ಅಳಿಸಲು ಒಪ್ಪದು. ಸಾಮಾನ್ಯವಾಗಿ ಆಗ ಎರ್‌ನೋ (ದೋಷದ ಸಂಖ್ಯೆಯನ್ನಿಡುವ ವೇರಿಯಬಲ್) ಬೆಲೆ 39 ಆಗಿರುತ್ತದೆ. ಇನ್ನು ನೀವು ಹೇಳಿದ 755 ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ: ಡೈರೆಕ್ಟರಿಯ ಹೆಸರು ದಾಖಲಾಗಿರುವುದು ಅದರ ಮೇಲಿನ ಡೈರೆಕ್ಟರಿಯಲ್ಲಾದ್ದರಿಂದ, ಬರೆಯುವ ಅನುಮತಿ ಇರಬೇಕಾದದ್ದು ಅಲ್ಲಿ.

ಉತ್ತರ 2

ಸಿಸ್ಟಮ್ ಫಂಕ್ಷನ್ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅದು ನಿಮ್ಮ ಸಾಲನ್ನು ಶೆಲ್‌ಗೆ, ಅಂದರೆ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಮಿಗೆ, ಒಪ್ಪಿಸುತ್ತದೆ. ‘ಹಳೆಯ ಲೆಕ್ಕ’ ಎಂಬಂತೆ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಶೆಲ್ ಅದನ್ನು ಎರಡು ಹೆಸರುಗಳೆಂದು ಓದಿ, ‘ಲೆಕ್ಕ’ ಎಂಬ ಬೇರೊಂದು ಡೈರೆಕ್ಟರಿ ಇದ್ದರೆ ಅದನ್ನೂ ಅಳಿಸಿಹಾಕುತ್ತದೆ.

ಒಳಗಿರುವುದೆಲ್ಲವನ್ನೂ ಅಳಿಸಲೇಬೇಕಿದ್ದರೆ, ಡೈರೆಕ್ಟರಿಯ ಒಳಗೆಲ್ಲ ಸುತ್ತಿಬರುವ ಎನ್‌ಎಫ್‌ಟಿಡಬ್ಲ್ಯು ಫಂಕ್ಷನ್ನಿಗೆ ಡೆಪ್ತ್ ಮತ್ತು ಫಿಸ್ ಎಂಬ ಎರಡು ಫ್ಲ್ಯಾಗ್‌ಗಳನ್ನು ಕೊಟ್ಟು, ಸಿಕ್ಕ ಪ್ರತಿಯೊಂದನ್ನೂ ರಿಮೂವ್ ಫಂಕ್ಷನ್ನಿಗೆ ಒಪ್ಪಿಸಿ. ಮೊದಲನೆಯದು ಒಳಗಿನವನ್ನು ಮುಗಿಸಿದ ಮೇಲಷ್ಟೇ ಡೈರೆಕ್ಟರಿಯನ್ನು ನಿಮ್ಮ ಕೈಗೆ ಕೊಡುತ್ತದೆ, ಎರಡನೆಯದು ಸಿಂಬಾಲಿಕ್ ಲಿಂಕ್‌ಗಳ (ಬೇರೊಂದು ಜಾಗವನ್ನು ತೋರುವ ಫೈಲುಗಳ) ಬೆನ್ನು ಹತ್ತದಂತೆ ತಡೆಯುತ್ತದೆ. ನಾನೊಮ್ಮೆ ಈ ಕೆಲಸಕ್ಕೆ ಸ್ವಂತ ಫಂಕ್ಷನ್ ಬರೆದು, ಲಿಂಕ್ ಅನ್ನೇ ನೋಡುವ ಎಲ್‌ಸ್ಟ್ಯಾಟ್ ಇರಬೇಕಾದ ಕಡೆ, ಅದು ತೋರುವ ಜಾಗವನ್ನು ನೋಡುವ ಸ್ಟ್ಯಾಟ್ ಬಳಸಿದ್ದೆ. ಒಳಗಿದ್ದ ಒಂದು ಲಿಂಕ್ ನನ್ನ ಫೋಟೋಗಳ ಡೈರೆಕ್ಟರಿಯನ್ನು ತೋರುತ್ತಿತ್ತು. ಉಳಿದದ್ದು ಲಿಂಕ್ ಮಾತ್ರ.

ಪ್ರಶ್ನೆ ಕೇಳಿದವರು

ಸಿಕ್ಕಿತು. ಮತ್ತೊಂದು ಟರ್ಮಿನಲ್‌ನಲ್ಲಿ ಅಲ್ಲಿನ ಫೈಲೊಂದನ್ನು ವಿಮ್ ಎಡಿಟರಿನಲ್ಲಿ ತೆರೆದಿಟ್ಟು ಮರೆತಿದ್ದೆ, ಅದು ತನಗಾಗಿ ಇಟ್ಟುಕೊಳ್ಳುವ ತಾತ್ಕಾಲಿಕ ಸ್ವಾಪ್ ಫೈಲ್ ಚುಕ್ಕಿಯ ಹಿಂದೆ ಅವಿತಿತ್ತು. ವಿಮ್ ಮುಚ್ಚಿದೊಡನೆ ಆರ್‌ಎಂಡಿರ್ ಸೊನ್ನೆಯನ್ನು ಹಿಂದಿರುಗಿಸಿತು. ಆದರೆ ಆ ಟರ್ಮಿನಲ್‌ನ ಶೆಲ್ ಈಗಲೂ ಅಳಿಸಿದ ಡೈರೆಕ್ಟರಿಯಲ್ಲೇ ಇದ್ದಂತಿದೆ, ಅಲ್ಲಿ ಹೊಸ ಫೈಲ್ ಮಾತ್ರ ಸೃಷ್ಟಿಯಾಗುತ್ತಿಲ್ಲ. ಇದು ಸಹಜವೇ?

ಉತ್ತರ 1

ಲಿನಕ್ಸ್‌ನಲ್ಲಿ ಸಹಜವೇ. ಹೆಸರು ಹೋಗಿದೆ, ಆದರೆ ಶೆಲ್ ಇನ್ನೂ ಹಿಡಿದುಕೊಂಡಿರುವುದರಿಂದ ಐನೋಡ್ (ಹೆಸರಿನ ಹಿಂದಿರುವ ಡೈರೆಕ್ಟರಿಯ ಮೂಲ ದಾಖಲೆ) ಉಳಿದಿದೆ. ಆ ಶೆಲ್‌ನಲ್ಲಿ ‘ಸಿಡಿ’ ಕೊಟ್ಟು ಬೇರೆಡೆಗೆ ಹೋದರೆ ಅದೂ ಬಿಡುಗಡೆಯಾಗುತ್ತದೆ.