ಪದಚರ್ಚೆ: ‘ಟೆಕ್ಸ್ಚರ್’, ಹಾಡಿಗೂ ಚಿತ್ರಕ್ಕೂ ಹೊಂದುವ ಪದ ಬೇಕು

ಎಲ್ಲರಿಗೂ ನಮಸ್ಕಾರ.
ನಮ್ಮ ಪ್ರೌಢಶಾಲೆಯಲ್ಲಿ ಸಂಗೀತಕ್ಕೂ ಚಿತ್ರಕಲೆಗೂ ಸಾಮಾನ್ಯವಾದ ಪರಿಕಲ್ಪನೆಗಳನ್ನು ಗೋಡೆಯ ಮೇಲೆ ಬರೆಸುತ್ತಿದ್ದೇವೆ. ರಿದಮ್‌ಗೆ ‘ಲಯ’ ಎಂದಾಗಿದೆ, ತಕರಾರಿಲ್ಲ. ಟೆಕ್ಸ್ಚರ್ ಬಳಿ ಸಿಕ್ಕಿಕೊಂಡಿದ್ದೇವೆ. ಚಿತ್ರದಲ್ಲಿ ಅದು ಮೇಲ್ಮೈ ಒರಟೋ ನುಣುಪೋ ಎಂಬುದು. ಸಂಗೀತದಲ್ಲಿ ಏಕಕಾಲಕ್ಕೆ ಎಷ್ಟು ದನಿಗಳಿವೆ, ಹೇಗೆ ಕೂಡಿಕೊಂಡಿವೆ ಎಂಬುದು. ‘ಮೇಲ್ಮೈ ಗುಣ’ ಎಂದರೆ ಹಾಡಿಗೆ ಒಗ್ಗುವುದಿಲ್ಲ. ಬೋರ್ಡ್ ಬರೆಯುವವರು ಗುರುವಾರ ಬರುತ್ತಾರೆ. ದಯವಿಟ್ಟು ಬೇಗ ತಿಳಿಸಿ.
(ಬಾಗಲಕೋಟೆಯಿಂದ)

ಗುರುಗಳೇ, ‘ಪೋತ’ ಎಂದು ಬರೆಸಿ. ಮರಾಠಿ, ಹಿಂದಿ ಚಿತ್ರಕಲೆಯಲ್ಲಿ ಇದೇ ಪದ. ನಮ್ಮ ಕಡೆಯ ಡ್ರಾಯಿಂಗ್ ಶಿಕ್ಷಕರಿಗೆ ಗೊತ್ತಿರುವುದೇ. ಹೊಸದನ್ನು ಹುಟ್ಟಿಸುವ ಅಗತ್ಯವಿಲ್ಲ.
(ಬೆಳಗಾವಿಯಿಂದ)

‘ಪೋತ’ ಬೇಡವೇ ಬೇಡ. ಕನ್ನಡದ ಪೋತ ಎಂದರೆ ಇಂದಿನ ಹೋತ. ಸಂಸ್ಕೃತಕ್ಕೆ ಹೋದರೆ ಪ್ರಾಣಿಯ ಮರಿ, ಇಲ್ಲವೇ ಹಡಗು. ಮಗು ಯಾವುದನ್ನು ಹಿಡಿಯಬೇಕು?

ಪದ ನಮ್ಮ ಮಗ್ಗದಲ್ಲೇ ಇದೆ: ನೇಯ್ಗೆ. ಟೆಕ್ಸ್ಚರ್‌ನ ಮೂಲವೇ ಲ್ಯಾಟಿನ್‌ನ ‘ನೇಯು’ ಎಂಬ ಧಾತು. ಟೆಕ್ಸ್ಟೈಲ್, ಟೆಕ್ಸ್ಟ್ ಎರಡೂ ಅದರ ಒಡಹುಟ್ಟುಗಳು. ಬಾಗಲಕೋಟೆ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಇಳಕಲ್ ಸೀರೆಯಲ್ಲಿ ಮೈಯ ಹಾಸೆಳೆಗಳನ್ನೂ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳು) ಸೆರಗಿನ ಕೆಂಪು ರೇಷ್ಮೆಯ ಹಾಸೆಳೆಗಳನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿದ ಜಾಗದ ಮೇಲೆ ಮಕ್ಕಳು ಬೆರಳಾಡಿಸಲಿ, ಚಿತ್ರಕಲೆಯ ಟೆಕ್ಸ್ಚರ್ ಕೈಗೇ ಸಿಗುತ್ತದೆ. ಸಂಗೀತಕ್ಕೆ ಗೀಗೀ ಪದ ಎಂಬ ಜನಪದ ಹಾಡು ಕೇಳಿಸಿ. ಮುಖ್ಯ ಹಾಡುಗಾರ ಡಪ್ಪು ಬಡಿದು ಒಬ್ಬನೇ ಹಾಡುತ್ತಾನೆ, ತುಂತುಣಿಯ ಒಂದೇ ತಂತಿ ಬಿಡದೆ ಮಿಡಿಯುತ್ತದೆ, ಸಾಲು ಮುಗಿಯುವ ಹೊತ್ತಿಗೆ ಹಿಮ್ಮೇಳ ‘ಗೀಯ ಗೀಯ’ ಎಂದು ಎತ್ತಿಕೊಳ್ಳುತ್ತದೆ. ತೆಳುವಾಗಿದ್ದ ನೇಯ್ಗೆ ಅಲ್ಲಿ ದಟ್ಟವಾಯಿತು ಎಂದರೆ ಏಳನೆಯ ತರಗತಿಯ ಮಗುವಿಗೂ ತಿಳಿಯುತ್ತದೆ.

ನಮ್ಮದು ಇರುವಾಗ ಸಾಲ ತರುವುದು ಸೋಮಾರಿತನ.
(ವಿಜಯಪುರದಿಂದ)

ಸಾಲದ ಮಾತು ಸಾಕು. ಮರಾಠಿಯಲ್ಲಿ ಪೋತ ಎಂದರೆ ಬಟ್ಟೆಯ ನೇಯ್ಗೆಯ ಗುಣವೇ. ನೀವು ಹುಡುಕಿಕೊಂಡು ಹೋದ ಅರ್ಥ ಪಕ್ಕದ ಮನೆಯಲ್ಲಿದೆ, ಮರಾಠಿ ಎಂಬ ಒಂದೇ ಕಾರಣಕ್ಕೆ ನಿಮಗದು ಬೇಡ. ನಿಮ್ಮ ಊರನ್ನೇ ನೋಡಿ. ಅಲ್ಲಿನ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿ ಭಾಷೆಯಲ್ಲಿ ಹಾಡು ಕಟ್ಟಿದ, ಸಂಸ್ಕೃತದ ನವರಸವನ್ನು ‘ನೌರಸ’ ಮಾಡಿಕೊಂಡ, 1599ರಲ್ಲಿ ಕಟ್ಟಲಾರಂಭಿಸಿದ ಪಟ್ಟಣಕ್ಕೆ ನೌರಸಪುರ ಎಂದೇ ಹೆಸರಿಟ್ಟ. ಅವನದು ಸೋಮಾರಿತನವೇ? ತಬಲಾ, ಸಿತಾರ್ ಇವನ್ನೂ ಹೊರಗೆ ಹಾಕುತ್ತೀರಾ? ಇನ್ನೊಂದು ಮಾತು: ಬಾದಾಮಿಯ ಮರಳುಗಲ್ಲಿಗೆ ಎಲ್ಲಿಯ ನೇಯ್ಗೆ?
(ಬೆಳಗಾವಿಯಿಂದ)

ತಬಲಾ ಬಂದದ್ದು ವಾದ್ಯದ ಜೊತೆಗೆ, ಅದಕ್ಕೆ ಬೇರೆ ಹೆಸರು ಯಾರೂ ಕೇಳುತ್ತಿಲ್ಲ. ನೌರಸಪುರವೂ ನಿಮ್ಮ ವಾದಕ್ಕೆ ಒದಗುವುದಿಲ್ಲ: ಇಬ್ರಾಹಿಂ ತಂದ ಪದ ಇಲ್ಲಿ ಆಗಲೇ ಬೇರೂರಿತ್ತು. ಕಲ್ಲಿನ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಆದರೆ ಕನ್ನಡದಲ್ಲಿ ಕಥೆಗೂ ನೇಯ್ಗೆ ಇದೆ, ಮಾತಿಗೂ ಇದೆ. ನೂಲಿಲ್ಲದ ಕಡೆ ಆ ಪದ ಎಂದೋ ಹೋಗಿ ನೆಲೆಸಿದೆ. ಕಲ್ಲಿನ ಮೈಗೆ ಹೇಳುವಾಗ ‘ಒರಟು ನೇಯ್ಗೆ’, ‘ನುಣುಪು ನೇಯ್ಗೆ’ ಎಂದು ವಿಶೇಷಣ ಸೇರಿಸಿದರಾಯಿತು.
(ವಿಜಯಪುರದಿಂದ)

ಇಬ್ಬರಿಗೂ ಧನ್ಯವಾದಗಳು. ಫಲಕದಲ್ಲಿ ‘ನೇಯ್ಗೆ’ ಎಂದು ಬರೆಸುತ್ತೇವೆ, ಪಕ್ಕದಲ್ಲಿ ಸೀರೆಯ ತುಂಡೊಂದನ್ನು ಅಂಟಿಸುತ್ತೇವೆ. ‘ಪೋತ’ವನ್ನು ತರಗತಿಯಲ್ಲಿ ಹೇಳುತ್ತೇನೆ, ಮುಂದೆ ಮಹಾರಾಷ್ಟ್ರದ ಕಲಾಶಾಲೆಗಳಿಗೆ ಹೋಗುವ ಮಕ್ಕಳಿಗೆ ಬೇಕಾಗುತ್ತದೆ. ಇನ್ನು ಉಳಿದದ್ದು ಹಾರ್ಮನಿ, ಅಂದರೆ ದನಿಗಳೋ ಬಣ್ಣಗಳೋ ಒಂದಕ್ಕೊಂದು ಹಿತವಾಗಿ ಹೊಂದಿಕೊಳ್ಳುವುದು. ‘ಸಾಮರಸ್ಯ’ ಎಂದರೆ ಶಾಂತಿಸಭೆ ನೆನಪಾಗುತ್ತದೆ. ನಾಟ್ಯಶಾಸ್ತ್ರ 9 ಅಥವಾ 13 ಶ್ರುತಿಗಳ (ಸ್ವರಗಳ ನಡುವಿನ ಸೂಕ್ಷ್ಮ ಅಳತೆ) ಅಂತರದ ಸ್ವರಗಳನ್ನು ‘ಸಂವಾದಿ’ ಎನ್ನುತ್ತದೆ, ಆದರೆ ಇಂದು ಸಂವಾದ ಎಂದರೆ ವೇದಿಕೆಯ ಚರ್ಚೆ. ಬಣ್ಣಗಳಿಗೂ ಹೊಂದುವಂಥದ್ದು ಬೇಕು. ಬುಧವಾರ ಸಂಜೆಯೊಳಗೆ ತಿಳಿಸಿದರೆ ಉಪಕಾರ.
(ಬಾಗಲಕೋಟೆಯಿಂದ)